ಐದು ಮನೆಗಿಂತ ತುಸು ಮೇಲೆ: ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಿದ ಲೆಕ್ಕ

ಜೂನ್ ಮೊದಲ ವಾರ ಮೈಸೂರಿನ ಮಂಡಿ ಮೊಹಲ್ಲಾದ ಗುಜರಿ ಅಂಗಡಿಯೊಂದರಲ್ಲಿ ಎರಡು ಹಳೆಯ ವಾಲ್ವ್ ರೇಡಿಯೋಗಳು, ಟ್ರಾನ್ಸಿಸ್ಟರ್ ಬರುವ ಮುಂಚಿನ ಗಾಜಿನ ನಳಿಕೆಗಳಿಂದ ನಡೆಯುವಂಥವು, ಒಂದರ ಮೇಲೊಂದು ಕುಳಿತಿದ್ದವು. ಒಂದರ ಮರದ ಪೆಟ್ಟಿಗೆಯನ್ನು ಗೆದ್ದಲು ಮುಕ್ಕಾಲು ಪಾಲು ತಿಂದಿತ್ತು. ಇನ್ನೊಂದರ ಡಯಲ್ ಗಾಜು ಒಡೆದು, ಒಳಗೆ ಇಲಿ ಸಂಸಾರ ಹೂಡಿದ್ದ ಗುರುತಿತ್ತು. ಎರಡಕ್ಕೂ ಸೇರಿ 3,500 ರೂಪಾಯಿ ಕೊಟ್ಟು ತಂದೆ. ರೇಡಿಯೋ ದುರಸ್ತಿ ಮಾಡುವ ಉದ್ದೇಶ ನನಗಿರಲಿಲ್ಲ. ಎರಡರಲ್ಲೂ ಔಟ್‌ಪುಟ್ ವಾಲ್ವ್ ಇಎಲ್84 ಎಂಬುದನ್ನು ಹಿಂಬದಿಯ ತೂತುಗಳಿಂದ ಟಾರ್ಚ್ ಬಿಟ್ಟು ನೋಡಿಕೊಂಡಿದ್ದೆ. ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಇಟ್ಟರೆ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಆಗುತ್ತದೆ, 12,000 ರೂಪಾಯಿಯಲ್ಲಿ, ಶ್ರಾವಣ ಬರುವಷ್ಟರಲ್ಲಿ ಕೆಲಸ ಮುಗಿಯುತ್ತದೆ ಎಂದು ಅಂಗಡಿಯ ಮುಂದೆಯೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಮನೆಯಲ್ಲಿ ಆಗಲೇ ಸರಿಯಾಗಿ ಹಾಡುವ ಮೂರು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಿದ್ದವು ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ನಾಲ್ಕು ತಿಂಗಳಿಂದ ಈ ಮಾತನ್ನು ನನಗೆ ನೆನಪಿಸುವ ಹೊಣೆಯನ್ನು ನನ್ನ ಹೆಂಡತಿ ಹೊತ್ತುಕೊಂಡಿದ್ದಾಳೆ.

ಇಎಲ್84 ಹೆಬ್ಬೆರಳಿಗಿಂತ ತುಸು ದಪ್ಪನೆಯ, ಒಂಬತ್ತು ಕಾಲಿನ ಗಾಜಿನ ವಾಲ್ವ್. ಒಳಗೆ ಕಾಯ್ದ ಕ್ಯಾಥೋಡ್‌ನಿಂದ ಹೊರಟ ಎಲೆಕ್ಟ್ರಾನ್‌ಗಳು ಸುತ್ತಲಿನ ಪ್ಲೇಟಿಗೆ ಹರಿಯುತ್ತವೆ, ನಡುವಿನ ಗ್ರಿಡ್ ಆ ಹರಿವನ್ನು ಹಿಡಿತದಲ್ಲಿಡುತ್ತದೆ. 250 ವೋಲ್ಟ್ ಕೊಟ್ಟು ಕ್ಯಾಥೋಡ್‌ಗೆ 135 ಓಮ್ ರೆಸಿಸ್ಟರ್ ಹಾಕಿದರೆ ಒಂದೇ ವಾಲ್ವ್‌ನಿಂದ ಸುಮಾರು 5 ವ್ಯಾಟ್ ಸಿಗುತ್ತದೆ. ನೂರು ವ್ಯಾಟ್‌ನ ಮಾತಾಡುವವರಿಗೆ ಇದು ತಮಾಷೆಯಾಗಿ ಕಂಡೀತು. ಆದರೆ ನನ್ನ 8 ಇಂಚಿನ ಫುಲ್‌ರೇಂಜ್ ಸ್ಪೀಕರ್‌ಗಳು ಒಂದು ವ್ಯಾಟ್‌ಗೆ 92 ಡೆಸಿಬಲ್ ಕೊಡುವಂಥವು, ಆದ್ದರಿಂದ ನಮ್ಮ ನಡುಮನೆಗೆ 5 ವ್ಯಾಟ್ ಧಾರಾಳ. ತಂದ ರೇಡಿಯೋಗಳ ವಾಲ್ವ್‌ಗಳ ಮೇಲೆ ಬಿಇಎಲ್ ಎಂಬ ಮಸುಕಾದ ಅಚ್ಚಿತ್ತು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 1960ರ ದಶಕದ ಆರಂಭದಲ್ಲಿ ಫಿಲಿಪ್ಸ್ ಕಂಪನಿಯ ಸಹಯೋಗದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸತೊಡಗಿತ್ತು. ಆ ಅಚ್ಚು ಬಟ್ಟೆ ತಾಗಿದರೆ ಸಾಕು, ಅಳಿಸಿಹೋಗುತ್ತದೆ. ಇದು ಗೊತ್ತಿದ್ದೂ ಧೂಳು ಕಂಡು ಕೈ ತಡೆಯದೆ ಒಂದನ್ನು ಒರೆಸಿಬಿಟ್ಟೆ. ಈಗ ಅದು ಹೆಸರಿಲ್ಲದ ವಾಲ್ವ್.

ಸರ್ಕ್ಯೂಟ್‌ನಲ್ಲಿ ಹೊಸತೇನೂ ಇಲ್ಲ. ಪ್ರತಿ ಚಾನೆಲ್‌ಗೆ ಒಂದು ಇಸಿಸಿ83 ವಾಲ್ವ್‌ನ ಅರ್ಧ ಭಾಗ, ಅದರ ಹಿಂದೆ ಒಂದು ಇಎಲ್84, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಯಿಂದ (ಸ್ಪೀಕರ್ ಕಡೆಯ ಸುತ್ತಿನಿಂದ) ಮೊದಲ ವಾಲ್ವ್‌ನ ಕ್ಯಾಥೋಡ್‌ಗೆ ಸ್ವಲ್ಪ ಫೀಡ್‌ಬ್ಯಾಕ್. ಪವರ್ ಸಪ್ಲೈಗೆ 250-0-250 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಇಝಡ್81 ರೆಕ್ಟಿಫೈಯರ್ ವಾಲ್ವ್, 47 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಹೆನ್ರಿಯ ಚೋಕ್, ಆಮೇಲೆ 100 ಮೈಕ್ರೋಫ್ಯಾರಡ್. ಮೊದಲ ಕೆಪಾಸಿಟರನ್ನು ಇನ್ನೂ ದೊಡ್ಡದು ಮಾಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಇಝಡ್81ಕ್ಕೆ 50 ಮೈಕ್ರೋಫ್ಯಾರಡ್‌ಗಿಂತ ಹೆಚ್ಚು ಹಾಕುವಂತಿಲ್ಲ. ಹಾಕಿದರೆ, ಸ್ವಿಚ್ ಒತ್ತಿದಾಗಲೆಲ್ಲ ಅದರ ಜೀವ ಸವೆಯುತ್ತದೆ.

ಮೊದಲ ಸಲ ಕರೆಂಟ್ ಕೊಟ್ಟದ್ದು ಜುಲೈ ಎರಡನೇ ಭಾನುವಾರ. 60 ವ್ಯಾಟ್‌ನ ಬಲ್ಬೊಂದನ್ನು ಸೀರೀಸ್‌ನಲ್ಲಿ ಹಾಕಿಕೊಂಡು ಸ್ವಿಚ್ ಒತ್ತಿದೆ. ಬಲ್ಬು ಒಮ್ಮೆ ಪ್ರಕಾಶಿಸಿ ಮಂಕಾಯಿತು, ಎಂದರೆ ಎಲ್ಲಿಯೂ ಶಾರ್ಟ್ ಇಲ್ಲ. ಬಲ್ಬು ತೆಗೆದು ನೇರವಾಗಿ ಕೊಟ್ಟೆ. ಅರ್ಧ ನಿಮಿಷದಲ್ಲಿ ಫಿಲಮೆಂಟ್‌ಗಳು ಕೆಂಡದ ಬಣ್ಣಕ್ಕೆ ತಿರುಗಿದವು, ಗಾಜು ಬಿಸಿಯಾಗಿ ಐವತ್ತು ವರ್ಷದ ಧೂಳು ಸುಟ್ಟ ವಾಸನೆ ಹರಡಿತು. ಅಪ್ಪ ವಾರ್ತೆಗೆ ಐದು ನಿಮಿಷ ಮುಂಚೆ ರೇಡಿಯೋ ಹಾಕಿ ಕಾಯುತ್ತಿದ್ದಾಗ ಬರುತ್ತಿದ್ದ ವಾಸನೆ ಅದೇ. ಅದನ್ನು ಸವಿಯುತ್ತ ಕುಳಿತಿದ್ದರಿಂದ ಬಲಗಡೆಯ ಇಎಲ್84ರ ಒಳಗಿನ ಬೂದು ಬಣ್ಣದ ಪ್ಲೇಟು ಅಂಚಿನಿಂದ ಕೆಂಪಾಗುತ್ತ ಬಂದದ್ದು ತಡವಾಗಿ ಕಣ್ಣಿಗೆ ಬಿತ್ತು. ಫಿಲಮೆಂಟ್ ಕೆಂಪಗಿರಬೇಕು, ಪ್ಲೇಟು ಕೆಂಪಾದರೆ ವಾಲ್ವ್ ಸಾಯುತ್ತಿದೆ ಎಂದು ತಿಳಿಯಬೇಕು.

ಸ್ವಿಚ್ ತೆಗೆದು, ಮೀಟರಿನ ಕಡ್ಡಿಗಳನ್ನು ಕ್ಯಾಥೋಡ್‌ಗೆ ಸಿಕ್ಕಿಸಿ, ಹತ್ತು ಸೆಕೆಂಡಿನ ಮಟ್ಟಿಗೆ ಮತ್ತೆ ಹಾಕಿದೆ. 7.2 ವೋಲ್ಟ್ ಇರಬೇಕಾದಲ್ಲಿ 10.8 ತೋರಿಸಿತು. 135 ಓಮ್‌ನಿಂದ ಭಾಗಿಸಿದರೆ 80 ಮಿಲಿಆಂಪಿಯರ್. ಪ್ಲೇಟಿನಲ್ಲಿ 12 ವ್ಯಾಟ್ ತಾಳಬಲ್ಲ ವಾಲ್ವ್‌ನ ಮೇಲೆ 16 ವ್ಯಾಟ್‌ಗೂ ಮೀರಿದ ಭಾರ. ಶೂನ್ಯ ಇರಬೇಕಾದ ಗ್ರಿಡ್‌ನಲ್ಲಿ 4 ವೋಲ್ಟ್ ಕುಳಿತಿತ್ತು. ತಪ್ಪು ನನ್ನದೇ. ರೇಡಿಯೋದ ‘ಹಳೆಯ ನಾದ’ ಉಳಿಯಲಿ ಎಂಬ ಭ್ರಮೆಯಿಂದ ಅದರ ಮೇಣ ಮೆತ್ತಿದ ಕಾಗದದ, ಮೊದಲ ವಾಲ್ವ್‌ನಿಂದ ಹಾಡನ್ನು ದಾಟಿಸಿ ಡಿಸಿಯನ್ನು ತಡೆಯುವ ಕಪ್ಲಿಂಗ್ ಕೆಪಾಸಿಟರ್‌ಗಳನ್ನೇ ಬಿಚ್ಚಿ ಹಾಕಿದ್ದೆ. ಹಾಕುವ ಮುನ್ನ ಮಲ್ಟಿಮೀಟರ್‌ನಲ್ಲಿ ನೋಡಿದಾಗ ಅವು ಸರಿಯಾಗಿಯೇ ಇದ್ದವು, ಏಕೆಂದರೆ ಮೀಟರು ಪರೀಕ್ಷಿಸುವುದು ಒಂದೆರಡು ವೋಲ್ಟ್‌ನಲ್ಲಿ; ಮೊದಲ ವಾಲ್ವ್‌ನ 170 ವೋಲ್ಟ್ ಮೈಮೇಲೆ ಬಿದ್ದಾಗ ಮಾತ್ರ ಕಾಗದ ಸೋರತೊಡಗುತ್ತದೆ. ಲೆಕ್ಕ ಹಾಕಿದರೆ ಸೋರಿದ್ದು ಎಂಟೂವರೆ ಮೈಕ್ರೋಆಂಪಿಯರ್, ಅಂದರೆ ಸುಮಾರು 20 ಮೆಗಾಓಮ್‌ನ ದಾರಿ. ಹನಿಹನಿಯಾಗಿ ಸೋರುವ ನಲ್ಲಿಯೊಂದು ಇಡೀ ತೊಟ್ಟಿಯನ್ನು ತುಂಬಿಸಿ ಹೊರಚೆಲ್ಲಿದ ಹಾಗೆ. ಅರವತ್ತು ರೂಪಾಯಿಯ ಎರಡು ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದ ಮೇಲೆ ಗ್ರಿಡ್ ಶೂನ್ಯಕ್ಕೆ ಬಂತು, ಆದರೆ ಆ ವಾಲ್ವ್‌ನ ಕ್ಯಾಥೋಡ್ 5.1 ವೋಲ್ಟ್‌ಗಿಂತ ಮೇಲೆ ಏರಲೇ ಇಲ್ಲ. ಅದರ ಕಥೆ ಮುಗಿದಿತ್ತು. ನಾನು ಒರೆಸಿ ಹೆಸರು ಅಳಿಸಿದ್ದು ಇನ್ನೊಂದನ್ನು ಎಂಬುದಷ್ಟೇ ಸಮಾಧಾನ. ಅದು ಇಂದಿಗೂ ಗಟ್ಟಿಯಾಗಿದೆ.

ಬದಲಿ ವಾಲ್ವ್‌ಗಾಗಿ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಲ್ಲಿ ಈಗ ಕಂಪ್ಯೂಟರ್, ಸಿಸಿಟಿವಿಯದೇ ರಾಜ್ಯ. ಆದರೂ ಒಳಗಿನ ಸಂದಿಯೊಂದರ ಅಂಗಡಿಯಲ್ಲಿ, ಮಹಡಿಯ ಮೇಲಿಂದ ರಟ್ಟಿನ ಡಬ್ಬಿ ಇಳಿಸಿ, ಪೆಟ್ಟಿಗೆ ಒಡೆಯದ ಬಿಇಎಲ್ ಇಎಲ್84 ಒಂದನ್ನು 1,400 ರೂಪಾಯಿಗೆ ಕೊಟ್ಟರು. ಚೌಕಾಸಿ ಮಾಡಲು ಹೋದೆ. “ಸಾರ್, ಇದು ಬೇಕು ಅಂತ ಬರೋರು ವರ್ಷಕ್ಕೆ ನಾಲ್ಕು ಜನ. ಬಂದೋರು ಯಾರೂ ಬಿಟ್ಟು ಹೋಗಿಲ್ಲ” ಎಂದು ಅಂಗಡಿಯವರು ನಕ್ಕರು. ನನ್ನ ಮುಖದಲ್ಲಿಯೇ ಬೆಲೆ ಓದಿಕೊಂಡಿದ್ದರು.

ಎರಡು ಚಾನೆಲ್ಲೂ ಹಾಡಿದ ಮೇಲೆ ಕೊರತೆ ಬೇರೊಂದು ಕಡೆ ಕಾಣಿಸಿತು. ಹಾಡುಗಾರಿಕೆ, ಪಿಟೀಲು ಮುದವಾಗಿ ಬಂದವು. ಮೃದಂಗದ ಎಡಭಾಗದ ಗುಮಿಕಿ, ಅಂದರೆ ಅಂಗೈ ಜಾರಿಸಿ ಹೊರಡಿಸುವ ತಗ್ಗು ನಾದ, ಮಾತ್ರ ರಟ್ಟಿನ ಡಬ್ಬಿ ತಟ್ಟಿದಂತಿತ್ತು. ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಮಾತು ಸ್ಪಷ್ಟವಾಗಿ ಕೇಳಿದರೆ ಸಾಕೆಂದು ಮಾಡಿದ್ದು. ತಗ್ಗು ಸ್ವರಗಳಿಗೆ ಬೇಕಾಗುವಷ್ಟು ಕಬ್ಬಿಣ ಅದರಲ್ಲಿಲ್ಲ. ಹೀಗಾಗಿ ಮೈಸೂರಿನಲ್ಲಿಯೇ ಸ್ಟೆಬಿಲೈಸರ್, ಮೋಟಾರುಗಳ ಕಾಯಿಲ್ ಸುತ್ತುವ ಅಂಗಡಿಯೊಂದಕ್ಕೆ ಹೋಗಿ ಕಾಗದದಲ್ಲಿ ಬರೆದುಕೊಟ್ಟೆ: ಪ್ರೈಮರಿ (ವಾಲ್ವ್ ಕಡೆಯ ಸುತ್ತು) 36 ಗೇಜ್ ತಂತಿಯಲ್ಲಿ 3,000 ಸುತ್ತು, ನಾಲ್ಕು ಭಾಗ ಮಾಡಿ, ನಡುನಡುವೆ ಸೆಕೆಂಡರಿ 118 ಸುತ್ತು. 5,200 ಓಮ್‌ನ ವಾಲ್ವ್‌ಗೆ 8 ಓಮ್‌ನ ಸ್ಪೀಕರನ್ನು ಹೊಂದಿಸುವ ಅನುಪಾತ ಅದು, ಸುಮಾರು ಇಪ್ಪತ್ತೈದೂವರೆಗೆ ಒಂದು. ಹತ್ತು ದಿನ ಬಿಟ್ಟು ಹೋದಾಗ ವಾರ್ನಿಷ್ ಹೊಳೆಯುವ ಎರಡು ಟ್ರಾನ್ಸ್‌ಫಾರ್ಮರ್ ಕೈಗೆ ಬಂದವು, 5,200 ರೂಪಾಯಿ ಕೈಯಿಂದ ಹೋಯಿತು. ಒಂದೊಂದೂ ತೆಂಗಿನಕಾಯಿಯಷ್ಟು ಭಾರ. ಮನೆಗೆ ತಂದು ಜೋಡಿಸಿದರೆ ಗುಮಿಕಿ ಹಳೆಯದಕ್ಕಿಂತ ಕಳಪೆ.

ಒಂದು ದಿನವಿಡೀ ವೈರಿಂಗ್ ಅನುಮಾನಿಸಿದೆ. ಕೊನೆಗೆ ಟ್ರಾನ್ಸ್‌ಫಾರ್ಮರ್‌ನ ಪಕ್ಕೆಯನ್ನು ಭೂತಗನ್ನಡಿ ಹಿಡಿದು ನೋಡಿದಾಗ ಸಂಗತಿ ತಿಳಿಯಿತು. ಇಂಗ್ಲಿಷಿನ ‘ಇ’ ಮತ್ತು ‘ಐ’ ಅಕ್ಷರದ ಆಕಾರದ ಕಬ್ಬಿಣದ ತೆಳು ಹಾಳೆಗಳನ್ನು (ಸ್ಟ್ಯಾಂಪಿಂಗ್) ಒಂದು ಇತ್ತ, ಒಂದು ಅತ್ತ ಹೆಣೆದು ತುಂಬಿದ್ದರು. ಪವರ್ ಟ್ರಾನ್ಸ್‌ಫಾರ್ಮರ್‌ಗೆ ಅದೇ ಸರಿಯಾದ ಪದ್ಧತಿ. ಆದರೆ ನನ್ನದರಲ್ಲಿ ಪ್ರೈಮರಿಯ ಮೂಲಕ ಸದಾ 48 ಮಿಲಿಆಂಪಿಯರ್ ಡಿಸಿ ಹರಿಯುತ್ತಿರುತ್ತದೆ. ಸಂದು ಬಿಡದಿದ್ದರೆ ಆ ಡಿಸಿಯೇ ಕಬ್ಬಿಣವನ್ನು ಹೊಟ್ಟೆ ಬಿರಿಯುವಂತೆ ತುಂಬಿಸಿಬಿಡುತ್ತದೆ, ಸಂಗೀತಕ್ಕೆ ಜಾಗ ಉಳಿಯುವುದಿಲ್ಲ. ಎಲ್ಲ ‘ಇ’ಗಳೂ ಒಂದು ಬದಿಗೆ, ಎಲ್ಲ ‘ಐ’ಗಳೂ ಇನ್ನೊಂದು ಬದಿಗೆ, ನಡುವೆ ಒಂದು ತೆಳು ಕಾಗದ ಇರಬೇಕಿತ್ತು. ನಾನು ಸುತ್ತುಗಳ ಲೆಕ್ಕವನ್ನು ದಶಮಾಂಶದವರೆಗೆ ಗುಣಿಸಿ ನೋಡಿದ್ದೆ, ಈ ಕಾಗದದ ಮಾತನ್ನು ಬರೆಯಲು ಮರೆತಿದ್ದೆ.

ಅಂಗಡಿಯ ಹಿರಿಯರಿಗೆ ಇದು ಒಪ್ಪಿಗೆಯಾಗಲಿಲ್ಲ. “ಗ್ಯಾಪ್ ಬಿಟ್ರೆ ಗುಂಯ್ ಅನ್ನುತ್ತೆ ಸಾರ್. ನಲವತ್ತು ವರ್ಷದಿಂದ ಗ್ಯಾಪ್ ಇಲ್ದಂಗೆ ಬಿಗಿಯೋದೇ ನಮ್ಮ ಕೆಲಸ” ಎಂದರು. ಕೆಟ್ಟರೆ ನನ್ನ ಹೊಣೆ ಎಂದು ಒಪ್ಪಿಸಿ, ಅವರ ಪಕ್ಕದಲ್ಲಿಯೇ ಸ್ಟೂಲ್ ಹಾಕಿಕೊಂಡು ಕುಳಿತೆ. ವಾರ್ನಿಷ್ ಅಂಟಿದ್ದ ಸ್ಟ್ಯಾಂಪಿಂಗ್‌ಗಳನ್ನು ಅವರು ತೆಳುವಾದ ಚೂರಿಯ ತುದಿಯಿಂದ, ಹಲಸಿನ ತೊಳೆ ಬಿಡಿಸುವಷ್ಟು ನಾಜೂಕಾಗಿ, ಒಂದೂ ಬಾಗದಂತೆ ಬಿಡಿಸಿದರು. 0.1 ಮಿಲಿಮೀಟರ್ ಕಾಗದ ಇಟ್ಟು ಮತ್ತೆ ಬಿಗಿದದ್ದಕ್ಕೆ 600 ರೂಪಾಯಿ ತೆಗೆದುಕೊಂಡರು. ಅಳೆದಾಗ ಪ್ರೈಮರಿ 12 ಹೆನ್ರಿ ಬಂತು. ಅಂದು ರಾತ್ರಿ ಮೃದಂಗದ ಎಡಭಾಗ ಮೊದಲ ಸಲ ಚರ್ಮದಂತೆ ಕೇಳಿಸಿತು. ಹೊಡೆತದ ಬೆನ್ನಿಗೆ ಅಂಗೈ ಒತ್ತಿ ಜಾರಿಸಿದಾಗ ಸ್ವರ ಏರುವುದೂ ಕೇಳಿಸಿತು. ಒಂದೇ ತನಿಯಾವರ್ತನವನ್ನು ನಾಲ್ಕು ಸಲ ಹಾಕಿ ಕೇಳಿದೆ.

ಫೀಡ್‌ಬ್ಯಾಕ್ ಜೋಡಿಸಿದಾಗ ಎಡ ಚಾನೆಲ್ ಕಿವಿ ಹರಿಯುವಂತೆ ಕಿರುಚಿದ್ದು, ಪ್ರೈಮರಿಯ ಎರಡು ತಂತಿಗಳನ್ನು ಅದಲು ಬದಲು ಮಾಡಿದೊಡನೆ ಸುಮ್ಮನಾದದ್ದು, ಇವು ಸಣ್ಣ ಸಂಗತಿಗಳು. ಉಳಿದ ಆಗಸ್ಟ್ ಮತ್ತು ಸೆಪ್ಟೆಂಬರನ್ನು ತಿಂದದ್ದು ಗುಂಯ್‌ಗುಡುವ ಸದ್ದು.

ಹಾಡು ನಿಂತಾಗ ಸ್ಪೀಕರಿನಿಂದ ದುಂಬಿಯ ಮೊರೆತದಂಥ ಒಂದು ಸಣ್ಣ ದನಿ ಬರುತ್ತಿತ್ತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ ಇರುತ್ತಿತ್ತು. ಹಾಡು ಶುರುವಾದರೆ ಅದರಲ್ಲಿ ಮುಳುಗಿಹೋಗುವಷ್ಟು ಸಣ್ಣದು, ಬೇರೆಯವರ ಮನೆಯಲ್ಲಾಗಿದ್ದರೆ ನಾನೇ “ಇಷ್ಟು ಇದ್ದದ್ದೇ, ಬಿಡಿ” ಎನ್ನುತ್ತಿದ್ದೆ. ಆದರೆ ಒಮ್ಮೆ ಕಿವಿಗೆ ಬಿದ್ದ ಮೇಲೆ ನನಗೆ ಹಾಡಿಗಿಂತ ಅದೇ ದೊಡ್ಡದಾಯಿತು. ಹಾಡಿನ ತಟ್ಟೆ (ರೆಕಾರ್ಡ್) ಹಾಕಿದರೆ ಎರಡು ಹಾಡುಗಳ ನಡುವಿನ ಖಾಲಿ ಜಾಗಕ್ಕಾಗಿ ಕಾಯುವ ಸ್ಥಿತಿಗೆ ಬಂದೆ. ಸ್ಪೀಕರ್ ತಂತಿಗೆ ಮೀಟರ್ ಹಿಡಿದರೆ ಬಲಗಡೆ 11 ಮಿಲಿವೋಲ್ಟ್.

ರೋಗ ಪತ್ತೆ ಮಾಡಿದ್ದು ನಾನಲ್ಲ. ನನ್ನ ಹೆಂಡತಿ ಸಂಜೆ ಇಬ್ಬರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಅವಳದು ಐದು ಮನೆಯ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಯ ಸ್ವರ. ಪಾಠದ ಹೊತ್ತಿಗೆ ನನ್ನ ಆಂಪ್ಲಿಫೈಯರ್ ಪಕ್ಕದ ಕೋಣೆಯಲ್ಲಿ ಉರಿಯುತ್ತಿದ್ದ ದಿನ ಅವಳು ಬಾಗಿಲಲ್ಲಿ ಬಂದು ನಿಂತಳು. “ರೀ, ದಯವಿಟ್ಟು ಅದನ್ನ ಆರಿಸಿ. ಅದು ಐದು ಮನೆಗಿಂತ ತುಸು ಮೇಲಿದೆ, ಮಕ್ಕಳು ತಂಬೂರಿ ಬಿಟ್ಟು ಅದನ್ನ ಹಿಡೀತಾರೆ.” ನಾನು ನಕ್ಕುಬಿಟ್ಟೆ, ಆಮೇಲೆ ಪೆನ್ಸಿಲ್ ಹಿಡಿದು ಕುಳಿತೆ. ಐದು ಮನೆಯ ಷಡ್ಜ 196 ಹರ್ಟ್ಸ್, ಅದರ ಮಂದ್ರ 98. ನಮ್ಮ ಕರೆಂಟು 50 ಹರ್ಟ್ಸ್. ಫುಲ್‌ವೇವ್ ರೆಕ್ಟಿಫೈಯರ್ ಆದ ಮೇಲೆ ಉಳಿಯುವ ಅಲೆ ಅದರ ಇಮ್ಮಡಿ, 100. ಅವಳು ಕೇಳಿದ್ದು ಆ ಎರಡು ಹರ್ಟ್ಸ್‌ನ ವ್ಯತ್ಯಾಸವನ್ನು. ಫಿಲಮೆಂಟ್ ತಂತಿಯಿಂದಲೋ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದಲೋ ಬರುವ ಸದ್ದಾಗಿದ್ದರೆ ಅದು ಇನ್ನೊಂದು ಸ್ಥಾಯಿ ಕೆಳಗೆ, ಅನುಮಂದ್ರದಲ್ಲಿ, 50 ಹರ್ಟ್ಸ್‌ನಲ್ಲಿ ಇರಬೇಕಿತ್ತು. ಎರಡು ವಾರ ನಾನು ಫಿಲಮೆಂಟ್ ತಂತಿಗಳನ್ನೇ ಬಿಚ್ಚಿ ಹೊಸೆದು ಬಿಚ್ಚಿ ಹೊಸೆಯುತ್ತಿದ್ದೆ. ಹುಡುಕಬೇಕಾದದ್ದು ಪವರ್ ಸಪ್ಲೈಯಲ್ಲಿ.

ಅಲ್ಲಿ ಸಿಕ್ಕಿದ ತಪ್ಪು ನಾಚಿಕೆ ಹುಟ್ಟಿಸುವಂಥದು. ಪವರ್ ಟ್ರಾನ್ಸ್‌ಫಾರ್ಮರ್‌ನ ನಡುತಂತಿಯನ್ನು ಹತ್ತಿರ ಸಿಕ್ಕಿದ ಬೋಲ್ಟಿಗೆ ಬಿಗಿದಿದ್ದೆ, ಮೊದಲ ಕೆಪಾಸಿಟರಿನ ನೆಗೆಟಿವ್‌ ಅನ್ನು ಎಲ್ಲವನ್ನೂ ಕೂರಿಸಿದ ತಗಡಿನ ಇನ್ನೊಂದು ತುದಿಗೆ. ಕೆಪಾಸಿಟರ್ ತುಂಬಿಕೊಳ್ಳುವಾಗ ಸೆಕೆಂಡಿಗೆ ನೂರು ಸಲ ಗುಟುಕು ಗುಟುಕಾಗಿ ಎಳೆಯುವ ಕರೆಂಟು ಇಡೀ ಅಲ್ಯೂಮಿನಿಯಂ ತಗಡಿನ ಮೇಲೆ, ಇನ್‌ಪುಟ್ ಸಾಕೆಟ್‌ಗಳ ಬುಡದಲ್ಲಿಯೇ ಹಾದು ಹೋಗುತ್ತಿತ್ತು. ನಡುತಂತಿಯನ್ನು ನೇರವಾಗಿ ಕೆಪಾಸಿಟರಿನ ನೆಗೆಟಿವ್‌ಗೆ ಬೆಸೆದು, ಅಲ್ಲಿಂದ ಒಂದೇ ದಪ್ಪ ತಂತಿಯನ್ನು ಗ್ರೌಂಡ್ ಬಿಂದುವಿಗೆ ತಂದೆ, ಸಾಕೆಟ್‌ಗಳಿಗೆ ಪ್ಲಾಸ್ಟಿಕ್ ವಾಷರ್ ಹಾಕಿದೆ. 11 ಇದ್ದದ್ದು 3.8 ಮಿಲಿವೋಲ್ಟ್‌ಗೆ ಇಳಿಯಿತು. ಹೆಂಡತಿಯನ್ನು ಕರೆದೆ. ಕಣ್ಣು ಮುಚ್ಚಿ ಕೇಳಿ, “ಈಗ ಅನುಮಂದ್ರಕ್ಕೆ ಇಳಿದಿದೆ” ಎಂದಳು. ಉಪಕರಣಕ್ಕೆ ಇಷ್ಟು ದುಡ್ಡು ಸುರಿದ ಮನುಷ್ಯನಿಗೆ ಇಂಥ ಮೀಟರ್ ಮನೆಯಲ್ಲಿಯೇ ಇತ್ತು.

ಉಳಿದ 50 ಹರ್ಟ್ಸ್‌ಗೆ ಒಂದು ಸುಳಿವಿತ್ತು: ವೈರಿಂಗ್ ಎರಡೂ ಕಡೆ ಒಂದೇ ಥರ, ಆದರೆ ಬಲಗಡೆ 3.8 ಇದ್ದರೆ ಎಡಗಡೆ 1.1 ಮಾತ್ರ. ಬಲಗಡೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪವರ್ ಟ್ರಾನ್ಸ್‌ಫಾರ್ಮರ್‌ಗೆ ನಾಲ್ಕು ಬೆರಳಿನಷ್ಟೇ ದೂರದಲ್ಲಿತ್ತು. ವಾಲ್ವ್‌ಗಳನ್ನು ಕಿತ್ತು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಗೆ ಹೆಡ್‌ಫೋನ್ ಸಿಕ್ಕಿಸಿ, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಕರೆಂಟು ಕೊಟ್ಟು ಕೇಳುವ ಹಳೆಯ ಉಪಾಯವೊಂದಿದೆ. ಹಾಗೆ ಮಾಡಲು ಹೋಗಿ ಇಎಲ್84, ಇಸಿಸಿ83 ಎಲ್ಲವನ್ನೂ ಕಿತ್ತು, ರೆಕ್ಟಿಫೈಯರನ್ನು ಮಾತ್ರ ಮರೆತೆ. ಕರೆಂಟು ಹೀರುವ ವಾಲ್ವ್‌ಗಳಿಲ್ಲದ ಕಾರಣ ಕೆಪಾಸಿಟರ್‌ಗಳು 350 ವೋಲ್ಟ್‌ವರೆಗೆ ತುಂಬಿಕೊಂಡವು, ಪ್ಲಗ್ ಕಿತ್ತರೂ ಖಾಲಿಯಾಗಲಿಲ್ಲ. ಅರ್ಧ ಗಂಟೆ ಬಿಟ್ಟು ತಗಡಿನ ಕೆಳಭಾಗಕ್ಕೆ ಕೈ ಹಾಕಿದಾಗ ಬಲಗೈ ಭುಜದವರೆಗೆ ಎಗರಿ ಕಪಾಟಿಗೆ ಬಡಿಯಿತು. ಎಡಗೈ ಜೇಬಿನಲ್ಲಿತ್ತು. ವಾಲ್ವ್ ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿಕೊಡುವ ನಿಯಮ ಅದು. ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯನ್ನು ದಾಟಬಾರದು. ಮರುದಿನ ಕೆಪಾಸಿಟರ್‌ಗಳ ಅಡ್ಡಕ್ಕೆ 220 ಕಿಲೋಓಮ್, 2 ವ್ಯಾಟ್‌ನ ರೆಸಿಸ್ಟರ್ ಬೆಸೆದೆ. ಈಗ ಎರಡೂವರೆ ಮೂರು ನಿಮಿಷದಲ್ಲಿ ತಾನಾಗಿಯೇ ಖಾಲಿಯಾಗುತ್ತದೆ. ಈ ಎರಡು ರೂಪಾಯಿಯ ವಸ್ತು ಮೊದಲ ದಿನವೇ ಇರಬೇಕಿತ್ತು. ಈ ಕೆಲಸಕ್ಕೆ ಕೈ ಹಾಕುವವರು ಉಳಿದೆಲ್ಲವನ್ನೂ ಮರೆತರೂ ಇದನ್ನು ಮರೆಯಬಾರದು.

ರೆಕ್ಟಿಫೈಯರನ್ನೂ ಕಿತ್ತ ಮೇಲೆ, ರಾತ್ರಿ ಹನ್ನೊಂದಕ್ಕೆ ಬೀದಿಯ ಸದ್ದು ಅಡಗಿದಾಗ ಕೆಲಸ ಶುರು ಮಾಡಿದೆ. ಬಲಗಡೆಯ ಟ್ರಾನ್ಸ್‌ಫಾರ್ಮರನ್ನು ಬೋಲ್ಟು ಬಿಚ್ಚಿ, ಮರದ ತುಂಡೊಂದರ ಮೇಲಿಟ್ಟು, ಹೆಡ್‌ಫೋನ್ ಹಾಕಿಕೊಂಡು ಬೀಸುವ ಕಲ್ಲಿನಂತೆ ನಿಧಾನವಾಗಿ ತಿರುಗಿಸಿದೆ. ಗುಂಯ್‌ಕಾರ ತಗ್ಗುತ್ತ ತಗ್ಗುತ್ತ ಬಂದು, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಸುಮಾರು ಲಂಬವಾದ ಒಂದು ಕೋನದಲ್ಲಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ಕೂದಲೆಳೆ ದಾಟಿದರೆ ಮತ್ತೆ ಮೇಲೇಳುತ್ತಿತ್ತು. ಆ ಜಾಗದಲ್ಲಿ ನನ್ನ ಉಸಿರಾಟ ಹೆಡ್‌ಫೋನಿನೊಳಗೆ ಕೇಳಿಸಿತು. ನಾಲ್ಕು ತಿಂಗಳಲ್ಲಿ ಅತ್ಯಂತ ಸುಖದ ಗಳಿಗೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳಬೇಕಾಗುತ್ತದೆ, ಆಗ ಹಾಡು ಒಂದೂ ಇರಲಿಲ್ಲ. ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡೆ. ಗುರುತಿನ ಪ್ರಕಾರ ಕೂರಿಸಲು ಹಳೆಯ ತಗಡಿನ ತೂತುಗಳು ಹೊಂದದ ಕಾರಣ ಇನ್ನೊಂದು ಅಲ್ಯೂಮಿನಿಯಂ ತಗಡು ಕತ್ತರಿಸಿ, ಕೊರೆದು, ಎಲ್ಲವನ್ನೂ ಮತ್ತೆ ಬೆಸೆಯಬೇಕಾಯಿತು. ತಗಡಿಗೆ 1,100, ಶ್ರಮಕ್ಕೆ ಮೂರು ಭಾನುವಾರ. ಈಗ ಎರಡೂ ಕಡೆ 0.7 ಮಿಲಿವೋಲ್ಟ್. ಸ್ಪೀಕರಿನ ಕೋನ್‌ಗೆ ಕಿವಿ ಹಚ್ಚಿದರೂ ಇದೆಯೋ ಇಲ್ಲವೋ ಎನಿಸುತ್ತದೆ.

ಖರ್ಚಿನ ಪುಸ್ತಕದಲ್ಲಿ ಮೊತ್ತ 25,100 ರೂಪಾಯಿ ಆಗಿದೆ, ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದದ್ದೂ ಸೇರಿ. ಅದರ ಕೆಳಗೆ ಬೇರೆ ಕೈಬರಹದಲ್ಲಿ, ಪೆನ್ಸಿಲ್‌ನಲ್ಲಿ, ‘ಹೆನ್ರಿ ಅಳೆಯೋ ಮೀಟರ್ 3,400’ ಎಂಬ ಸಾಲು ಸೇರಿಕೊಂಡಿದೆ. ಉಪಕರಣ ಆಸ್ತಿಯೇ ಹೊರತು ಖರ್ಚಲ್ಲ ಎಂಬ ನನ್ನ ವಾದ ಮನೆಯಲ್ಲಿ ನಡೆಯಲಿಲ್ಲ. ಈ ಊರಿನಲ್ಲಿ ಇಂಥ ಹುಚ್ಚಿಗೆ ದೊಡ್ಡ ಪರಂಪರೆಯಿದೆ ಎಂದೂ ಹೇಳಿ ನೋಡಿದೆ: ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ತಟ್ಟೆಗಳನ್ನು ಕೂಡಿಹಾಕಿದ್ದಷ್ಟೇ ಅಲ್ಲ, ತಮಗೆ ಬೇಕಾದ ರಷ್ಯನ್ ಸಂಗೀತಗಾರ ಮೆಡ್ಟ್ನರ್‌ನ ತಟ್ಟೆಗಳು ಸಿಗದಿದ್ದಾಗ 1940ರ ದಶಕದ ಕೊನೆಗೆ ತಾವೇ ಹಣ ಕೊಟ್ಟು ಲಂಡನ್ನಿನಲ್ಲಿ ಧ್ವನಿಮುದ್ರಣ ಮಾಡಿಸಿದವರು; ಆತ ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಅವರಿಗೇ ಅರ್ಪಿಸಿದ. “ಅವರ ಹತ್ರ ಅರಮನೆ ಇತ್ತು ರೀ” ಎಂಬ ಉತ್ತರ ಬಂತು. ಅದಕ್ಕೆ ನನ್ನಲ್ಲಿ ಎದುರುಮಾತು ಇರಲಿಲ್ಲ. ಮೂರು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಎರಡನ್ನು ಮಾರಲು ಒಪ್ಪಿದ್ದೇನೆ. ಒಂದು ಆಗಲೇ ಹೋಗಿದೆ.

ಆಂಪ್ಲಿಫೈಯರ್ ಸಂಜೆ ಏಳರ ನಂತರ, ಪಾಠ ಮುಗಿದ ಮೇಲೆ ಉರಿಯುತ್ತದೆ. ಒಂದು ಕೆಲಸ ಬಾಕಿ ಇದೆ. ವಾಲ್ವ್‌ಗಳ ಗಾಜು ಮುಟ್ಟಿದರೆ ಬೊಬ್ಬೆ ಏಳುವಷ್ಟು ಬಿಸಿ, ದಸರಾ ರಜೆಗೆ ಮಗಳು ಮೂರು ವರ್ಷದ ಮೊಮ್ಮಗನನ್ನು ಕರೆತರುತ್ತಾಳೆ. ಅಷ್ಟರೊಳಗೆ ಮೇಲೊಂದು ಜಾಲರಿ ಪೆಟ್ಟಿಗೆ ಆಗಬೇಕು. ಅಶೋಕ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೀಲ್ ಜಾಲರಿ ಅಳತೆ ಕೊಟ್ಟು ಬಂದಿದ್ದೇನೆ, ಕಣ್ಣು ಮಗುವಿನ ಕಿರುಬೆರಳು ತೂರದಷ್ಟು ಸಣ್ಣದಿರಬೇಕೆಂದು ಹೇಳಿದ್ದೇನೆ. ಅದರ 450 ರೂಪಾಯಿಯನ್ನು ಪುಸ್ತಕದಲ್ಲಿ ನಾನೇ, ಪೆನ್ನಿನಲ್ಲಿ ಬರೆದಿದ್ದೇನೆ.